ಮರದ ಮೇಲಿನ ಗೆರೆ

ನಾಗಾನೊ ಸೀಮೆ, ಜಪಾನ್
12-1-1957

ಪ್ರೀತಿಯ ಅಕ್ಕ ಸರ್ವಮಂಗಳಳಿಗೆ ಲಿಂಗಣ್ಣನ ಶರಣು.

ಇಲ್ಲಿಗೆ ಬಂದು ಆರು ವಾರವಾಯಿತು. ಹಡಗಿನಿಂದ ಇಳಿದ ದಿನ ಹಾಕಿದ ಕಾರ್ಡು ತಲುಪಿರಬೇಕು. ಆರೋಗ್ಯವಾಗಿದ್ದೇನೆ, ಭಾವನಿಗೂ ಹೇಳು. ಚಳಿ ಮಾತ್ರ ಹೇಳುವಂಥದ್ದಲ್ಲ. ಬೆಳಗ್ಗೆ ಮುಖ ತೊಳೆಯುವ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ, ಗುದ್ದಿ ಒಡೆಯಬೇಕು. ಮೀನು ತಿನ್ನುವುದಿಲ್ಲವೆಂದು ಮೊದಲ ದಿನವೇ ಕೈಸನ್ನೆಯಲ್ಲಿ ಹೇಳಿದೆ. ಅಂದಿನಿಂದ ನನಗೆ ಎರಡು ಪಾಲು ಉಪ್ಪಿನ ಮೂಲಂಗಿ.

ತರಬೇತಿಯಲ್ಲಿ ಮಾಡುವ ಕೆಲಸ ನಮ್ಮ ಹುಣಸೂರಿನ ಮೊಟ್ಟೆ ಕೇಂದ್ರದ್ದೇ. ರೇಷ್ಮೆ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಂಟು ರೋಗ ಕಂಡರೆ ಆ ಮೊಟ್ಟೆ ಬೆಂಕಿಗೆ, ಕಾಣದಿದ್ದರೆ ರೈತರಿಗೆ. ನಮ್ಮಲ್ಲಿ ಇದ್ದ ಯಂತ್ರ ಎರಡೇ. ಒಂದರ ಮುಂದೆ ಅಂಕಯ್ಯನವರು ಕೂರುತ್ತಿದ್ದರು, ಇನ್ನೊಂದರ ಮುಂದೆ ನಾನು. ಇಲ್ಲಿ ಸಾಲಾಗಿ ನಲವತ್ತು ಇವೆ.

ಕಷ್ಟ ಇರುವುದು ಅಕ್ಷರದಲ್ಲಿ. ಚಿಟ್ಟೆ ಮೊಟ್ಟೆಯಿಟ್ಟ ಹಾಳೆಗಳ ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಕಟ್ಟುತ್ತಾರೆ. ಅದರ ಮೇಲೆ ಕಾಂಜಿ ಎಂಬ ಅಕ್ಷರದಲ್ಲಿ ಬ್ರಷ್ಷಿನಿಂದ ಬರೆಯಬೇಕು. ನಮ್ಮ ಅಕ್ಷರ ಗುಂಡಗೆ, ಒಂದೇ ಸುತ್ತಿಗೆ ಮುಗಿಯುತ್ತದೆ. ಇವರದು ಬಿದಿರು ಕಡ್ಡಿ ಜೋಡಿಸಿದ ಹಾಗೆ. ಯಾವ ಕಡ್ಡಿ ಮೊದಲು, ಯಾವುದು ಆಮೇಲೆ, ಯಾವುದು ಗಿಡ್ಡ, ಎಲ್ಲಕ್ಕೂ ಕಟ್ಟಳೆಯುಂಟು. ಚೀಟಿ ಬರೆಯುವ ಕೋಣೆಯ ತೋಮಿ ಸಾನ್ ಎಂಬಾಕೆ ನನಗೆ ಕಲಿಸುತ್ತಾರೆ. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಹಿಂದೆ ನಿಂತು, ನನ್ನ ಕೈ ಮೇಲೆ ಕೈಯಿಟ್ಟು ಗೆರೆ ಎಳೆಸುತ್ತಾರೆ. ನನ್ನ ಕೈ ಬಲು ಬೇಗ ಪಳಗುತ್ತಿದೆಯಂತೆ. ಇದನ್ನು ಜಗಲಿಯ ಮೇಲೆ ಓದಿ ಹೇಳು.

ನಿನ್ನ ತಮ್ಮ,
ಲಿಂಗಣ್ಣ

*

ಹನಗೋಡು
4-2-1957

ಚಿರಂಜೀವಿ ಲಿಂಗಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಜಗಲಿಯ ಮೇಲೆಯೇ ಓದಿದೆ. ನಿನ್ನ ಅಕ್ಷರ ನನ್ನೊಬ್ಬಳಿಗೇ ತಿಳಿಯುವುದರಿಂದ ಎಲ್ಲರೂ ನನ್ನ ಬಾಯಿ ನೋಡುತ್ತ ಕೂತಿದ್ದರು. ನೀರು ಗಾಜಾಗುತ್ತದೆ ಎಂದಾಗ ಪಕ್ಕದ ಮನೆ ಚಿಕ್ಕಬೀರಮ್ಮ ನಂಬಲಿಲ್ಲ. ಮೂಲಂಗಿ ಮಾತಿಗೆ ನಿನ್ನ ಭಾವ ತುಂಬಾ ನಕ್ಕರು.

ಅಂಕಯ್ಯನವರೂ ಬಂದಿದ್ದರು. ಪಿರಿಯಾಪಟ್ಟಣದಿಂದ ಸೈಕಲ್ ತುಳಿದುಕೊಂಡು ಬರುತ್ತಾರೆ, ಭಾನುವಾರ ತಪ್ಪಿಸುವುದಿಲ್ಲ. ಜಪಾನಿನವರು ಗಾಜಿನ ಮೇಲೆ ಎಷ್ಟು ಹನಿ ಬಿಡುತ್ತಾರೆ, ಒಂದು ಚಿಟ್ಟೆಯನ್ನು ಎಷ್ಟು ಸಲ ನೋಡುತ್ತಾರೆ ಎಂದೆಲ್ಲ ಕೇಳಿದರು. ನೀನು ಬರೆದಿರಲಿಲ್ಲ, ನಾನೇನು ಹೇಳಲಿ? ಮುಂದಿನ ಸಲ ಬರೆ. ಹನ್ನೊಂದು ವರ್ಷ ಆ ಯಂತ್ರದ ಮುಂದೆ ಕೂತ ಮನುಷ್ಯ ಅವರು. ಹೋಗುವುದು ಅವರಿಗೆ ತಪ್ಪಿತು, ನಿನಗೆ ಸಿಕ್ಕಿತು. ಆದರೂ ಒಂದು ಕೊಂಕು ಮಾತು ಆಡಲಿಲ್ಲ. ಮಜ್ಜಿಗೆ ಕೊಟ್ಟೆ, ಕುಡಿದು ಹೋದರು. ಅವರು ಬಂದ ದಿನ ನನಗೆ ಊಟ ಸರಿಯಾಗಿ ಸೇರುವುದಿಲ್ಲ.

ಬರವಣಿಗೆ ವಿಷಯದಲ್ಲಿ ಜೋಪಾನ ಕಣೋ. ಇಲ್ಲಿ ಯಾರಿಗೂ ತಿಳಿಯದ್ದು ಅಲ್ಲಿ ತಿಳಿಯುವಂತೆ ಆಗದಿರಲಿ. ನಿಧಾನವಾಗಿ ಬರೆ. ಚಿಕ್ಕಂದಿನಲ್ಲಿ ಹೊಸ ಅಗ್ರಹಾರದ ಶಾಲೆಯಲ್ಲಿ ಮೇಷ್ಟರು ನಿನ್ನ ಸ್ಲೇಟನ್ನು ತಲೆಕೆಳಗೆ ಹಿಡಿದು ಓದಲು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಕ್ಕ,
ಸರ್ವಮಂಗಳ

*

ನಾಗಾನೊ
10-3-1957

ಅಕ್ಕನಿಗೆ ಶರಣು.

ಮೇಷ್ಟರ ಕಥೆ ಇಲ್ಲಿಯವರೆಗೂ ಯಾಕೆ ಕಳಿಸಿದೆ? ನಾನೇನು ಆ ಲಿಂಗಣ್ಣನಾಗಿ ಉಳಿದಿಲ್ಲ. ಚೌಕದ ಕಾಗದದಲ್ಲಿ ದಿನಕ್ಕೆ ಇನ್ನೂರು ಅಕ್ಷರ ತಿದ್ದುತ್ತೇನೆ. ಬೆರಳು ಸೆಟೆದು ತುತ್ತು ಕಲಸಲೂ ಆಗದ ದಿನಗಳಿವೆ.

ಒಂದು ತಮಾಷೆ ಕೇಳು. ಇವರ 'ಮರ' ಎಂಬ ಅಕ್ಷರ ಮರದ ಹಾಗೇ ಇದೆ. ಒಂದು ಕಾಂಡ, ಅಡ್ಡ ಕೊಂಬೆ, ಕೆಳಗೆ ಎರಡು ಬೇರು. ಅದರ ನೆತ್ತಿಯ ಮೇಲೆ ಇನ್ನೊಂದು ಅಡ್ಡಗೆರೆ ಎಳೆದರೆ ಅರ್ಥ ಬೇರೆ. ಆ ಗೆರೆ ಕೊಂಬೆಗಿಂತ ಗಿಡ್ಡವಾದರೆ 未, 'ಇನ್ನೂ ಆಗಿಲ್ಲ'. ಉದ್ದವಾದರೆ 末, 'ಕೊನೆ'. ಚಿಟ್ಟೆ ಪರೀಕ್ಷೆ ಆಗದ ಪೆಟ್ಟಿಗೆಗೆ ಮೊದಲನೆಯದು. ಪರೀಕ್ಷೆ ಮುಗಿಸಿ ರೈತರಿಗೆ ಕಳಿಸುವ ಕೊನೆಯ ಕಂತಿನ ಪೆಟ್ಟಿಗೆಗೆ ಎರಡನೆಯದು. ಒಂದು ಭತ್ತದ ಕಾಳಿನಷ್ಟು ವ್ಯತ್ಯಾಸ, ಅಷ್ಟೇ.

ಈಗ ಚೀಟಿ ಬರೆಯಲು ನನಗೇ ಕೊಡುತ್ತಾರೆ. ಕಟ್ಟುವ ಮೊದಲು ಪ್ರತಿಯೊಂದನ್ನೂ ತೋರಿಸು ಎನ್ನುತ್ತಾರೆ ತೋಮಿ ಸಾನ್. ತೋರಿಸಿ ತೋರಿಸಿ ನನಗೆ ಬೇಸರ ಬಂದಿದೆ. ನಾನು ಬೇಸರ ಮಾಡಿಕೊಂಡರೆ ಅವರು ಬಾಯಿಗೆ ಅಂಗಿತೋಳು ಅಡ್ಡ ಹಿಡಿದು ನಗುತ್ತಾರೆ.

ಅಂಕಯ್ಯನವರಿಗೆ ಹೇಳು: ಒಂದೊಂದು ಚಿಟ್ಟೆಯ ಹನಿಯನ್ನೂ ಗಾಜಿನ ಮೇಲೆ ಐದು ಕಡೆ ನೋಡುತ್ತಾರೆ. ನಮ್ಮ ಹಾಗೆ ಎರಡು ಕಡೆ ಅಲ್ಲ.

ಲಿಂಗಣ್ಣ

*

ಹನಗೋಡು
1-4-1957

ಚಿ. ಲಿಂಗಣ್ಣನಿಗೆ ಆಶೀರ್ವಾದ.

ಐದು ಕಡೆ ಎಂಬುದನ್ನು ಅಂಕಯ್ಯನವರು ಬೆರಳು ಮಡಿಚಿ ಮಡಿಚಿ ಕೇಳಿಕೊಂಡರು. ಮರುವಾರ ಬಂದು, ತಾವೂ ಐದು ಕಡೆ ನೋಡಲು ಶುರು ಮಾಡಿದ್ದಾಗಿ ಹೇಳಿದರು. ಹಾಗೆ ನೋಡಿದಾಗ, ಮೊದಲು ಚೊಕ್ಕಟ ಎಂದು ಬಿಟ್ಟಿದ್ದರಲ್ಲಿ ಎರಡಕ್ಕೆ ರೋಗ ಕಂಡಿತಂತೆ.

ಮರದ ಅಕ್ಷರವನ್ನು ನಾನೂ ಒಲೆಯ ಬೂದಿಯಲ್ಲಿ ಬರೆದು ನೋಡಿದೆ. ಸಲೀಸಾಗಿ ಬಂತು. ನನಗೆ ಅದೇನೂ ಕಷ್ಟವೆನಿಸಲಿಲ್ಲ. ಹಾಗೆಂದು ನಿನಗೆ ಬರೆಯಬಾರದಿತ್ತೇನೋ.

ಆ ತೋಮಿ ಯಾರು? ಮದುವೆಯಾದವರೋ? ವಯಸ್ಸೆಷ್ಟು? ನೀನು ಬರೆದಿಲ್ಲ. ಸರಗೂರಿನಿಂದ ಒಂದು ಸಂಬಂಧ ಕೇಳಿ ಬಂದಿದೆ. ಹುಡುಗಿ ಸುಂದ್ರಮ್ಮ ಎಂದು. ಮನೆಯವರು ಹುಳು ಸಾಕುವವರೇ. ನೀನು ಹೂಂ ಎಂದರೆ ನಿನ್ನ ಭಾವ ಹೋಗಿ ಮಾತನಾಡುತ್ತಾರೆ.

ಸರ್ವಮಂಗಳ

*

ನಾಗಾನೊ
28-5-1957

ಅಕ್ಕನಿಗೆ ಶರಣು.

ತಡವಾಯಿತು. ವಸಂತದ ಹುಳುವಿನ ಕಾಲ, ಕೆಲಸ ಬಹಳ.

ಸರಗೂರಿನ ಮಾತು ಈಗ ಬೇಡ. ಕಾಯಬೇಡಿ ಎಂದು ಅವರಿಗೆ ಹೇಳಿಬಿಡು.

ತೋಮಿ ಸಾನ್ ಕೇಂದ್ರ ಬಿಟ್ಟು ಹೋದರು. ಅವರ ಮೇಜು ಈಗ ನನಗೆ ಕೊಟ್ಟಿದ್ದಾರೆ. ಬರೆಯಲು ಬೇರೇನೂ ಇಲ್ಲ.

ಲಿಂಗಣ್ಣ

*

ಹನಗೋಡು
16-6-1957

ಲಿಂಗಣ್ಣ,

ನಿನ್ನ ಆರು ಸಾಲಿನ ಕಾಗದವನ್ನು ಜಗಲಿಯ ಮೇಲೆ ಓದಲಿಲ್ಲ. ಬಂದವರಿಗೆ, ಕಾಗದ ಬಂದಿಲ್ಲ ಎಂದೆ.

ನೇರವಾಗಿ ಕೇಳುತ್ತೇನೆ. ಕೈ ಮೇಲೆ ಕೈಯಿಟ್ಟು ಅಕ್ಷರ ಕಲಿಸಿದವಳು ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೋಗುತ್ತಾಳೆ. ನೀನು ಇಲ್ಲಿಯ ಹುಡುಗಿಯನ್ನು ಬೇಡ ಎನ್ನುತ್ತೀಯ. ನಾನೇನು ತಿಳಿಯಲಿ? ಒಬ್ಬ ಹೆಂಗಸಿನ ಬಾಳು ನಿನ್ನಿಂದ ಕೆಟ್ಟಿದ್ದರೆ ಮುಚ್ಚಿಡಬೇಡ. ದೂರದ ಊರು, ಯಾರಿಗೂ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಅವ್ವ ಇದ್ದಿದ್ದರೆ ಹೇಗೆ ಕೇಳುತ್ತಿದ್ದಳೋ ಹಾಗೇ ಕೇಳುತ್ತಿದ್ದೇನೆ. ಏನು ಮಾಡಿದ್ದೀಯ?

ಅಕ್ಕ

*

ನಾಗಾನೊ
5-7-1957

ಅಕ್ಕ,

ನೀನು ತಿಳಿದದ್ದು ತಪ್ಪು. ಆದರೆ ಒಬ್ಬ ಹೆಂಗಸಿನ ಬಾಳು ನನ್ನಿಂದ ಕೆಟ್ಟಿದೆ ಎಂದು ಬರೆದೆಯಲ್ಲ, ಅದು ನಿಜ.

ತೋಮಿ ಸಾನ್‌ಗೆ ಐವತ್ತಮೂರು ವರ್ಷ. ಮದುವೆಯಾಗಿಲ್ಲ. ಇಪ್ಪತ್ತೆರಡನೇ ವಯಸ್ಸಿನಿಂದ ಆ ಕೋಣೆಯಲ್ಲಿ ಚೀಟಿ ಬರೆದವರು. ಮೂವತ್ತೊಂದು ವರ್ಷ.

ಏಪ್ರಿಲ್ ಹದಿನೆಂಟರಂದು ಅವರು ಪಕ್ಕದ ಕಟ್ಟಡಕ್ಕೆ ಹೋಗಿದ್ದರು. ಪರೀಕ್ಷೆಯಾಗದ ಪೆಟ್ಟಿಗೆಗಳಿಗೆ ಮೂವತ್ತೆಂಟು ಚೀಟಿ ಬರೆಯುವುದಿತ್ತು. ಅವರು ಬರುವಷ್ಟರಲ್ಲಿ ಮುಗಿಸಿ ಭೇಷ್ ಎನ್ನಿಸಿಕೊಳ್ಳಬೇಕೆಂದು ಬರೆದೆ. ತೋರಿಸದೆ ಕಟ್ಟಿಯೂ ಬಿಟ್ಟೆ. ಕೈ ಓಡುತ್ತಿತ್ತು, ನನ್ನ ಅಕ್ಷರ ಚೆಂದ ಎಂದೇ ಅನಿಸಿತ್ತು. ಮೇಲಿನ ಗೆರೆ ಎಲ್ಲಿ ಗಿಡ್ಡವಾಯಿತು, ಎಲ್ಲಿ ಉದ್ದವಾಯಿತು ಎಂದು ಹಿಂತಿರುಗಿ ನೋಡಲಿಲ್ಲ. ಮೂರು ಚೀಟಿಯಲ್ಲಿ ಅದು ಉದ್ದವಾಗಿತ್ತು. ಮರುವಾರ ಸಾಗಿಸುವಾಗ ತೋಮಿ ಸಾನ್ 'ಕೊನೆ' ಎಂದು ಓದಿ, ಆ ಮೂರನ್ನೂ ಹೊರಡುವ ಗಾಡಿಗೆ ಹಾಕಿಸಿದರು.

ಮೂರೂ ಒಂದೇ ಮನೆಗೆ ಹೋದವು. ಮಿಯಾಸಾಕ ಎಂಬ ರೈತನ ಮನೆ. ಪೊರೆ ಬಿಡುವ ಎರಡನೇ ಜ್ವರ ಕಳೆದ ಮೇಲೆ ಹುಳು ಏಳಲಿಲ್ಲ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಗಂಟು ರೋಗ. ಇಡೀ ಮನೆಯ ಹುಳುವನ್ನು ಸುಣ್ಣ ಹಾಕಿ ಹೂಳಿದರು. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲ ಸುಟ್ಟರು.

ಕೇಂದ್ರದಲ್ಲಿ ವಿಚಾರಣೆ ಆಯಿತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಆ ಚೀಟಿಗಳು ತೋಮಿ ಸಾನ್ ಕೈಯಲ್ಲಿದ್ದವು. ನಾನು ನಿಂತಲ್ಲಿಂದಲೇ ನನ್ನ ಕೈಯ ಗೆರೆ ಗುರುತಿಸಿದೆ. ಅವರು ಅವನ್ನು ಒಮ್ಮೆ ನೋಡಿ, ಮಡಿಚಿ ಅಂಗಿತೋಳಿನಲ್ಲಿ ಇಟ್ಟುಕೊಂಡರು. 'ನಾನು ತಪ್ಪು ಓದಿದೆ' ಎಂದರು. ಅಷ್ಟೇ. ಯಾರು ಬರೆದದ್ದು ಎಂದು ಮುಖ್ಯಸ್ಥರು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನಿದ್ದದ್ದು ನಾಲ್ಕು ಮಾರು ದೂರದಲ್ಲಿ. ನಾನೂ ಹೇಳಲಿಲ್ಲ.

ಭಾಷೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. 'ನಾನು ಬರೆದೆ' ಎನ್ನಲು ಎರಡು ಮಾತು ಸಾಕು, ಆ ಎರಡೂ ನನಗೆ ಬರುತ್ತಿದ್ದವು. ಊರಿಗೆ ವಾಪಸು ಕಳಿಸಿದರೆ ಹುಣಸೂರಿನಲ್ಲಿ ಬಸ್ಸಿಂದ ಹೇಗೆ ಇಳಿಯಲಿ ಎಂಬುದೊಂದೇ ತಲೆಯಲ್ಲಿತ್ತು. ಮರುದಿನ ಅವರು ಬ್ರಷ್ಷು, ಶಾಯಿಕಲ್ಲು ಗಂಟು ಕಟ್ಟಿಕೊಂಡು ತಮ್ಮನ ಮನೆಗೆ ಹೋದರು. ಹೋಗುವಾಗ ನನಗೆ ತಲೆ ಬಾಗಿದರು. ಅವರ ಮೇಜಿನಲ್ಲಿ ನಾನು ಕೂರುತ್ತಿದ್ದೇನೆ.

ಯಾರಿಗೂ ಓದಬೇಡ.

ಲಿಂಗಣ್ಣ

*

ಹನಗೋಡು
24-7-1957

ಲಿಂಗಣ್ಣ,

ಕಾಗದ ಬಂದದ್ದು ಶನಿವಾರ. ಮರುದಿನ ಅಂಕಯ್ಯನವರು ಬಂದರು. ಜಪಾನಿನ ಅಂಚೆಚೀಟಿ ಗೂಡಿನಲ್ಲಿ ಕಂಡುಬಿಟ್ಟಿತು. ಮಳೆ, ಚಳಿ ಎಂದು ಏನೋ ನಾಲ್ಕು ಮಾತು ಓದಿದ ಹಾಗೆ ಮಾಡಿ ಮಡಿಚಿಟ್ಟೆ. ಜುಲೈ ತಿಂಗಳಲ್ಲಿ ಚಳಿ ಎಂದದ್ದು ಆಮೇಲೆ ಹೊಳೆಯಿತು. ಅವರು ಮಜ್ಜಿಗೆ ಕುಡಿದು ಹೋದರು.

ನಾನು ನಿನ್ನನ್ನು ಬೈಯಬೇಕೆಂದು ಕೂತೆ. ಬೈಯಲು ಬಾಯಿ ಬರಲಿಲ್ಲ. ಹೋದ ವರ್ಷ ಇಲಾಖೆಯ ಅರ್ಜಿಯಲ್ಲಿ 'ಅಭ್ಯರ್ಥಿಯು ಸ್ವಹಸ್ತದಿಂದ ಬರೆಯತಕ್ಕದ್ದು' ಎಂದಿತ್ತು. ನೀನು ಬರೆದದ್ದನ್ನು ನೋಡಿ, ಇದನ್ನು ಕಳಿಸಿದರೆ ಮುಗಿಯಿತು ಎಂದು ನಾನೇ ಕಿತ್ತುಕೊಂಡು ಬರೆದುಕೊಟ್ಟೆ. ನೀನು ಕೇಳಿರಲಿಲ್ಲ. ಒಂದು ಸಲ ನೀನೇ ಬೇಡ ಎಂದೂ ಅಂದಿದ್ದೆ. ಚೀಟಿ ಬರೆಯುವವನಿಗೆ ಒಳ್ಳೆಯ ಅಕ್ಷರ ಇರಬೇಕು ಎಂದು ಸಾಹೇಬರು ಅಂಕಯ್ಯನವರನ್ನು ಬಿಟ್ಟು ನಿನ್ನನ್ನು ಆರಿಸಿದರು. ಆ ಸುದ್ದಿ ಬಂದ ದಿನ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ನೀನು ಹೋಗುತ್ತೀಯ ಎಂದಷ್ಟೇ ಅಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ನನ್ನ ಅಕ್ಷರವನ್ನು ಸಾಹೇಬರು ಕೈಯಲ್ಲಿ ಹಿಡಿದು ಮೆಚ್ಚಿದರಲ್ಲ ಎಂದು. ಆರಿಸಿದ್ದು ನಿನ್ನನ್ನಲ್ಲ, ನನ್ನನ್ನು ಎಂದು ಒಳಗೊಳಗೇ ಹಿಗ್ಗಿದೆ. ಅಂಕಯ್ಯನವರ ನೆನಪು ಆಗ ನನಗೆ ಬರಲೇ ಇಲ್ಲ.

ಇಷ್ಟು ದೂರ ಬಂದ ಮೇಲೆ ಎರಡು ಕೆಲಸ ಉಳಿದಿವೆ. ಅಲ್ಲಿ ಆ ತಾಯಿಗೂ ಆ ರೈತರಿಗೂ ನೀನು ಹೇಳಬೇಕು. ಇಲ್ಲಿಯ ಕಚೇರಿಗೆ ಅರ್ಜಿಯ ವಿಷಯ ನೀನೇ, ನಿನ್ನ ಕೈಯಲ್ಲೇ ಬರೆದು ಕಳಿಸು. ನಾನು ತಿದ್ದುವುದಿಲ್ಲ, ನಕಲು ಮಾಡುವುದಿಲ್ಲ. ಕಚೇರಿಗೆ ತಲುಪಿಸುತ್ತೇನೆ. ವಾಪಸು ಕಳಿಸಿದರೆ ಕಳಿಸಲಿ. ಬಸ್ಸಿಂದ ಇಳಿಯುವುದು ಹೇಗೆ ಎಂದು ಕೇಳಿದ್ದೀಯ. ನಾನು ಬಂದು ನಿಂತಿರುತ್ತೇನೆ.

ಅಕ್ಕ

*

ನಾಗಾನೊ
18-8-1957

ಅಕ್ಕನಿಗೆ,

ಹೇಳಿದೆ.

ಮೊದಲು ಮುಖ್ಯಸ್ಥರಿಗೆ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ, ಇವತ್ತಿನಿಂದ ಆ ಮೇಜಿಗೆ ಹೋಗಬೇಡ ಎಂದರು. ಈಗ ಎಲೆ ಹೊರುವ ಕೆಲಸ ಕೊಟ್ಟಿದ್ದಾರೆ. ತರಬೇತಿಯನ್ನು ಅಕ್ಟೋಬರಿಗೇ ಮುಗಿಸಿ, ಮೊದಲ ಹಡಗಿಗೆ ಕಳಿಸುತ್ತಾರೆ.

ಭಾನುವಾರ ತೋಮಿ ಸಾನ್ ಇರುವ ಊರಿಗೆ ನಡೆದು ಹೋದೆ. ತಮ್ಮನ ತೋಟದಲ್ಲಿ ಹಿಪ್ಪುನೇರಳೆ ಎಲೆ ಬಿಡಿಸುತ್ತಿದ್ದರು. ಬೆರಳಿಗೆ ಎಲೆ ಕೀಳುವ ಕಬ್ಬಿಣದ ಉಗುರು ಹಾಕಿಕೊಂಡಿದ್ದರು. ಮೂವತ್ತೊಂದು ವರ್ಷ ಬ್ರಷ್ಷು ಹಿಡಿದ ಕೈ. ನಾನು ಮಣ್ಣಲ್ಲಿ ಮಂಡಿಯೂರಿ, ನನ್ನನ್ನು ಉಳಿಸಲು ನೀವು ಹೀಗಾದಿರಿ ಎಂದೆ. ಅವರಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು.

'ನಿನ್ನನ್ನು ಉಳಿಸಲು ಅಲ್ಲ' ಎಂದರು. ಕೈ ಪೂರ್ತಿ ಪಳಗುವ ಮೊದಲು ಹೊರಗಿನವನಿಂದ ಚೀಟಿ ಬರೆಸಬೇಡ ಎಂದು ಜನವರಿಯಲ್ಲೇ ಮುಖ್ಯಸ್ಥರು ಅವರಿಗೆ ಹೇಳಿದ್ದರಂತೆ. ಅವರೇ ಕೇಳಲಿಲ್ಲ. 'ನಾನು ಕಲಿಸಿದ ಕೈ ಎಂದು ಹೆಮ್ಮೆಪಟ್ಟೆ. ನಿನ್ನ ಹೆಸರು ಹೇಳಿದರೆ ನಾನು ಅವರ ಮಾತು ಮೀರಿದ್ದೂ ಹೊರಬರುತ್ತಿತ್ತು. ತಪ್ಪು ಓದಿದೆ ಎನ್ನುವುದು ನನಗೆ ಅದಕ್ಕಿಂತ ಸುಲಭವಾಗಿತ್ತು.' ಸ್ವಲ್ಪ ಹೊತ್ತು ಎಲೆ ಬಿಡಿಸಿದರು. ಆಮೇಲೆ ಹೇಳಿದರು: 'ಮೇ ತಿಂಗಳಲ್ಲಿ ಬಂದಿದ್ದರೆ ಇಬ್ಬರೂ ಜೊತೆಗೆ ಹೇಳಬಹುದಿತ್ತು. ಈಗ ನೀನೊಬ್ಬನೇ ಹೇಳಿ ಬಂದೆ. ನನ್ನದು ಹಾಗೇ ಉಳಿಯಿತು.'

ನಾನು ಇಷ್ಟು ದಿನ ಅವರನ್ನು ಕರುಣೆಯ ತಾಯಿ ಎಂದುಕೊಂಡು ಅತ್ತಿದ್ದೆ. ಅವರೂ ನನ್ನ ಹಾಗೇ ನಾಚಿಕೆಯಲ್ಲಿ ಬೆಂದಿದ್ದರು. ಅದು ನನಗೆ ಕಾಣಲೇ ಇಲ್ಲ.

ಅಲ್ಲಿಂದ ಅವರೇ ಮಿಯಾಸಾಕ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ವಿಷಯ ತಿಳಿಯಿತು. ಕೇಂದ್ರದವರು ಹೊಸ ಮೊಟ್ಟೆಯನ್ನೇನೋ ಕೊಟ್ಟಿದ್ದರು. ಆದರೆ ತಪ್ಪು ಯಾರದೆಂದು ಊರಿಗೆ ಸಾರಿರಲಿಲ್ಲ. ರೋಗ ಬಂದದ್ದು ಆ ಮನೆಯ ಗಲೀಜಿನಿಂದ ಎಂದು ಊರವರು ಮಾತಾಡಿಕೊಂಡಿದ್ದರು. ಅವರ ಅಂಗಳವನ್ನು ದಾಟಬೇಕಾದ ಹೆಂಗಸರು ಬಳಸಿಕೊಂಡು ಹೋಗುತ್ತಿದ್ದರಂತೆ. ಮಗಳಿಗೆ ನಿಶ್ಚಯವಾಗಿದ್ದ ಸಂಬಂಧವೂ ನಿಂತುಹೋಗಿತ್ತು.

ಮಿಯಾಸಾಕ ನನ್ನನ್ನು ಬೈಯಲಿಲ್ಲ. ಖಾಲಿ ಸಾಕಣೆ ಮನೆಯನ್ನು ತೋರಿಸಿದ. ನೆಲವನ್ನು ಎಷ್ಟು ಉಜ್ಜಿದ್ದರೆಂದರೆ ಹಲಗೆಯ ನಾರು ಎದ್ದಿತ್ತು. ಆಮೇಲೆ ಒಂದು ದೊಡ್ಡ ಕಾಗದ ತಂದು ನನ್ನ ಮುಂದೆ ಹಾಸಿದ. 'ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದುಕೊಡು' ಎಂದ. 'ಊರವರು ಓದುವ ಹಾಗೆ ಬರಿ.'

ತೋಮಿ ಸಾನ್ ಶಾಯಿ ತೇಯ್ದು ಕೊಟ್ಟರು. ಕೈ ಮೇಲೆ ಕೈ ಇಡಲಿಲ್ಲ. ಮೊದಲ ಕಾಗದದಲ್ಲಿ ಶಾಯಿ ಹರಡಿತು. ಎರಡನೆಯದನ್ನು ಮಿಯಾಸಾಕನ ಹೆಂಡತಿ ಓದಲಾಗದೆ ಹಿಂದಕ್ಕೆ ಕೊಟ್ಟಳು. ಮೂರನೆಯದರ ಮೇಲೆ ನನ್ನ ಬೆವರು ಬಿತ್ತು. ನಾಲ್ಕನೆಯದನ್ನು ಒಂದೊಂದು ಗೆರೆಗೂ ನಿಂತು, ಉಸಿರು ಹಿಡಿದು ಬರೆದೆ. ಈ ಮನೆಯಲ್ಲಿ ರೋಗ ಹುಟ್ಟಲಿಲ್ಲ. ಪರೀಕ್ಷೆಯಾಗದ ಮೊಟ್ಟೆ ಬಂತು. ಚೀಟಿ ತಪ್ಪಾಗಿ ಬರೆದವನು ನಾನು. ಕೆಳಗೆ ನನ್ನ ಹೆಸರು. ಮಗಳು ಅದನ್ನು ಗಟ್ಟಿಯಾಗಿ, ತಡೆಯದೆ ಓದಿದಳು. ನಾನು ಈ ಭಾಷೆಯಲ್ಲಿ ಬರೆದದ್ದನ್ನು ಇನ್ನೊಬ್ಬರು ತಡೆಯದೆ ಓದಿದ್ದು ಅದೇ ಮೊದಲು, ಅಕ್ಕ. ಸಂತೋಷಪಡುವ ಹಾಗಿರಲಿಲ್ಲ. ಅದನ್ನು ಊರ ಬಾವಿಯ ಹತ್ತಿರದ ಹಲಗೆಗೆ ಅಂಟಿಸಿದರು. ಅಂಟಿಸುವಾಗ ಪಕ್ಕದಲ್ಲಿ ನಿಂತಿದ್ದೆ. ಬಂದವರು ಮೊದಲು ಅದನ್ನು ಓದಿದರು, ಆಮೇಲೆ ನನ್ನನ್ನು ನೋಡಿದರು.

ಇದರ ಜೊತೆಗೆ ಕಚೇರಿಗೆ ಬರೆದದ್ದನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದೇನೆ. ನೀನು ಬಿಡಿಸಬೇಡ. ಹಾಗೇ ಕೊಡು.

ಲಿಂಗಣ್ಣ

*

ಹನಗೋಡು
22-9-1957

ಲಿಂಗಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಲಕೋಟೆ ಬಿಡಿಸದೆ ಗುರುವಾರ ಹುಣಸೂರಿಗೆ ತೆಗೆದುಕೊಂಡು ಹೋದೆ. ನಿನ್ನ ಭಾವ ಜೊತೆಗೆ ಬರುತ್ತೇನೆಂದರು, ನಾನು ಬೇಡವೆಂದೆ. ಸಾಹೇಬರು ಕೂರಲು ಹೇಳಿ, ಲಕೋಟೆ ಒಡೆದು, ಕಾಗದವನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿದರು. ಗುಮಾಸ್ತರಿಗೆ ಕೊಟ್ಟರು. ಅವರಿಗೂ ಆಗಲಿಲ್ಲ. ಕೊನೆಗೆ ಅಂಕಯ್ಯನವರನ್ನು ಕರೆಸಿದರು. ಅವರು ಒಂದು ಸಲ ಕಣ್ಣಾಡಿಸಿ, ಇದು ನನ್ನಿಂದಾಗದು ಸಾರ್, ಈ ತಾಯೇ ಓದಬೇಕು ಎಂದು ನನ್ನ ಕೈಗೆ ಕೊಟ್ಟರು. ಆ ದೇಶದ ಅಕ್ಷರ ಕಲಿತೆಯಂತೆ, ನಮ್ಮದು ಮಾತ್ರ ಹಾಗೇ ಉಳಿಯಿತಲ್ಲೋ.

ಎದ್ದು ನಿಂತು ಓದಿದೆ. ಚೀಟಿಯ ವಿಷಯ, ರೈತನ ಹುಳು, ಆ ತಾಯಿ ಕೆಲಸ ಬಿಟ್ಟದ್ದು, ಎಲ್ಲ. ಆಮೇಲೆ ಅರ್ಜಿಯ ಮಾತು ಬಂತು. ನೀನು ಬರೆದಿದ್ದೆ: ಕರಡು ಪ್ರತಿ ಎಂದು ಸುಳ್ಳು ಹೇಳಿ ಅಕ್ಕನಿಂದ ಬರೆಸಿಕೊಂಡೆ, ಅದು ಇಲಾಖೆಗೆ ಹೋಗುವುದೆಂದು ಆಕೆಗೆ ತಿಳಿದಿರಲಿಲ್ಲ.

ಅಲ್ಲಿ ನನ್ನ ನಾಲಗೆ ನಿಂತಿತು. ಅದನ್ನು ಓದಿದ್ದರೆ ನಾನು ಸೆರಗು ಸರಿಮಾಡಿಕೊಂಡು ಗೌರವವಾಗಿ ಹೊರಗೆ ಬರಬಹುದಿತ್ತು. ಕ್ಷಣ ಹೊತ್ತು ಹಾಗೇ ಅನಿಸಿತು ಕೂಡ. ಸುಳ್ಳು ಏಕೆ ಹೇಳಲಿ. ಆದರೆ ಆ ಸಾಲನ್ನು ಬಿಟ್ಟೆ. ಅದರ ಜಾಗದಲ್ಲಿ, ಅರ್ಜಿ ಬರೆದದ್ದು ಅಕ್ಕ, ತಿಳಿದೇ ಬರೆದದ್ದು, ತಮ್ಮ ಬೇಡ ಎಂದರೂ ಬರೆದದ್ದು ಎಂದು ಓದಿದ ಹಾಗೇ ಹೇಳಿದೆ. ಕಿವಿ ಎರಡೂ ಕಾದ ಬಾಣಲೆಯ ಹಾಗೆ ಸುಡುತ್ತಿದ್ದವು.

ಸಾಹೇಬರು ಬೀರುವಿನಿಂದ ಹಳೆಯ ಅರ್ಜಿ ತೆಗೆಸಿ, ನಿನ್ನ ಕಾಗದದ ಪಕ್ಕದಲ್ಲಿ ಇಟ್ಟು ನೋಡಿದರು. 'ಅಕ್ಷರ ಚೆನ್ನಾಗಿದೆ ಕಣಮ್ಮ' ಎಂದರು. 'ಅದಕ್ಕೇ ನಾವು ಮೋಸಹೋದದ್ದು.' ಆ ಅಕ್ಷರವನ್ನು ಯಾರಾದರೂ ಮೆಚ್ಚಲಿ ಎಂದು ಎಷ್ಟು ವರ್ಷ ಕಾದಿದ್ದೆ. ಮೆಚ್ಚಿದ್ದನ್ನು ಹೀಗೆ ಕೇಳಬೇಕಾಯಿತು.

ನಿನಗೆ ಯಂತ್ರದ ಕೆಲಸ ಇನ್ನಿಲ್ಲ. ಬಂದ ಮೇಲೆ ಸರಗೂರಿನ ಕಡೆಯ ಸಾಕಣೆ ತೋಟಕ್ಕೆ ಹಾಕುತ್ತಾರೆ, ಸಂಬಳ ಕಡಿಮೆ. ಬರುವ ವರ್ಷದ ತಂಡಕ್ಕೆ ಅಂಕಯ್ಯನವರ ಹೆಸರು ಬರೆದು ಕಳಿಸುತ್ತಾರಂತೆ. ಸಿಕ್ಕುತ್ತದೆಂದು ಮಾತು ಕೊಡಲಾರೆ, ಅವರಿಗೆ ವಯಸ್ಸಿನ ಮಿತಿ ದಾಟುತ್ತ ಬಂದಿದೆ ಎಂದರು ಸಾಹೇಬರು. ಅದನ್ನು ಕೇಳಿದಾಗ ನಾನು ಅಂಕಯ್ಯನವರ ಮುಖ ನೋಡಲಿಲ್ಲ.

ಬಸ್ ನಿಲ್ದಾಣದಲ್ಲಿ ಕಲ್ಲಿನ ಮೇಲೆ ಕೂತಿದ್ದೆ. ಅವರು ಸೈಕಲ್ ತಳ್ಳಿಕೊಂಡು ಬಂದು ನಿಂತರು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಮೊದಲು ಮಾತನಾಡಿದ್ದು ಅವರೇ.

'ಮಂಗಳಮ್ಮೋರೆ, ಒಂದು ಸಾಲು ಬುಟ್ಟು ಓದುದ್ರಿ.'

ನನಗೆ ಕೂತ ಕಲ್ಲು ಜಾರಿದ ಹಾಗಾಯಿತು. ನಿಮಗೆ ಅವನ ಅಕ್ಷರ ಬರುತ್ತದೆಯೇ ಎಂದು ಕೇಳಿದೆ.

'ಎರಡು ವರ್ಷ ಪಕ್ಕದಲ್ಲೇ ಕೂತಿದ್ನಲ್ಲ. ಅವನು ಬರೆದಿದ್ದೆಲ್ಲ ನಾನೇ ಓದಿ ರಿಜಿಸ್ಟರಿಗೆ ಏರಿಸ್ತಿದ್ದೆ' ಎಂದರು. 'ಅರ್ಜಿ ಅವನ ಕೈದಲ್ಲ ಅಂತ ಅವತ್ತೇ ಗೊತ್ತಾಯ್ತು. ಹೇಳ್ಬೋದಿತ್ತು. ಒಬ್ಬ ಹುಡುಗನ ಅನ್ನಕ್ಕೆ ಕಲ್ಲು ಹಾಕ್ದ ಅಂತಾರೆ ಅಂದ್ಕಂಡು ಸುಮ್ಗಾದೆ. ಆಮೇಲೆ ಸುಮ್ಗಿದ್ದುದ್ದಕ್ಕೆ ನನ್ ಮೇಲೇ ನನಗೆ ಕ್ವಾಪ. ನೀವಾದ್ರೂ ಒಂದಿನ ಹೇಳ್ತೀರೇನೋ ಅಂತ್ಲೇ ವಾರ ವಾರ ಬತ್ತಿದ್ದೆ.'

ಐದು ಕಡೆಯೋ ಎರಡು ಕಡೆಯೋ ಎಂದು ಕೇಳಲು ಬರುತ್ತಿದ್ದಾರೆಂದು ನಾನು ತಿಳಿದಿದ್ದೆ. ಏಳು ತಿಂಗಳು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ.

ಹನಗೋಡಿನ ಬಸ್ಸು ಬಂತು. ನನ್ನ ಚೀಲವನ್ನು ಮೇಲಕ್ಕೆ ಎತ್ತಿಕೊಟ್ಟರು. ಇನ್ನು ಬರುವುದಿಲ್ಲ ಅಲ್ಲವೇ ಎಂದೆ.

'ಬತ್ತೀನಿ' ಎಂದರು. 'ಕಾಗದ ಬಂದಿದ್ರೆ ಓದಿ. ಏನೂ ಬುಡದಂಗೆ ಓದಿ.'

ಈ ಭಾನುವಾರ ಬಂದರು. ಜುಲೈ ತಿಂಗಳಿನದ್ದನ್ನೂ ಆಗಸ್ಟಿನದ್ದನ್ನೂ ಓದಿದೆ. ನಿನ್ನ ಭಾವನೂ ಚಿಕ್ಕಬೀರಮ್ಮನೂ ಅಲ್ಲೇ ಇದ್ದರು. ಓದಬೇಡ ಎಂದು ನೀನು ಬರೆದಿದ್ದ ಕೊನೆಯ ಸಾಲನ್ನೂ ಓದಿದೆ. ಯಾರೂ ನಗಲಿಲ್ಲ, ಯಾರೂ ಮೆಚ್ಚಲೂ ಇಲ್ಲ. ಚಿಕ್ಕಬೀರಮ್ಮ ಎದ್ದು, ಕರು ಬಿಚ್ಚಬೇಕು ಎಂದು ಹೋದಳು. ಅಂಕಯ್ಯನವರು ಆ ಹೆಂಗಸಿಗೆ ಕೆಲಸ ವಾಪಸು ಕೊಟ್ಟರೋ ಇಲ್ಲವೋ ಎಂದು ಕೇಳಿದರು. ನೀನು ಬರೆದಿಲ್ಲ ಎಂದೆ.

ಅದನ್ನು ಬರೆ. ಹೊರಡುವ ಮೊದಲೇ ಬರೆ. ಅಂಕಯ್ಯನವರೂ ಜಗಲಿಯ ಮೇಲೆ ಕೂತು ಕೇಳುತ್ತಾರೆಂದು ತಿಳಿದೇ ಬರೆ.

ಸರ್ವಮಂಗಳ